ರಾತ್ರಿ ಹನ್ನೊಂದರ ಜಿಮ್ ವ್ಯಾನ್ಸ್

ವಾಷಿಂಗ್ಟನ್ ಎಂದರೆ ನಮಗೆ ಶ್ವೇತಭವನ, ಸಂಸತ್ತು, ಅಧ್ಯಕ್ಷರ ಪತ್ರಿಕಾಗೋಷ್ಠಿ. ಅಲ್ಲಿ ಸಂಸಾರ ಹೂಡಿದವರಿಗೆ ಅದೂ ಎಲ್ಲ ಊರುಗಳಂಥ ಒಂದು ಊರು. ಮೆಟ್ರೊ ಕೆಟ್ಟು ನಿಲ್ಲುತ್ತದೆ, ಹಿಮ ಬಿದ್ದರೆ ಶಾಲೆಗೆ ರಜೆ ಉಂಟೋ ಇಲ್ಲವೋ ಎಂದು ಮಕ್ಕಳು ಕಾಯುತ್ತಾರೆ, ಮೇಯರ್ ಮೇಲೆ ದೂರುಗಳಿರುತ್ತವೆ. ಈ ಊರಿನ ಸುದ್ದಿಯನ್ನು ನಲವತ್ತೈದು ವರ್ಷಕ್ಕೂ ಹೆಚ್ಚು ಕಾಲ ಒಂದೇ ವಾಹಿನಿಯಿಂದ ಹೇಳಿದವರು ಜಿಮ್ ವ್ಯಾನ್ಸ್. 2017ರ ಜುಲೈ 22, ಶನಿವಾರ, ತಮ್ಮ 75ನೇ ವಯಸ್ಸಿನಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಅಮೆರಿಕದ ಬೇರೆ ಊರುಗಳಲ್ಲಿ ಅವರ ಹೆಸರು ಬಲ್ಲವರು ಕಡಿಮೆ. ವಾಷಿಂಗ್ಟನ್ನಿನಲ್ಲಿ ಅಂದು ಬೇರೆ ಮಾತೇ ಇರಲಿಲ್ಲ.

ಅಲ್ಲಿನ ಟಿವಿಯ ಏರ್ಪಾಡು ನಮ್ಮದಕ್ಕಿಂತ ಬೇರೆ. ಎನ್‌ಬಿಸಿ, ಸಿಬಿಎಸ್, ಎಬಿಸಿ ದೇಶಕ್ಕೆಲ್ಲ ಸೇರಿದ ಜಾಲಗಳಾದರೂ ದೊಡ್ಡ ಊರುಗಳಲ್ಲೆಲ್ಲ ಅವಕ್ಕೆ ಅಂಟಿಕೊಂಡ ಸ್ಥಳೀಯ ಕೇಂದ್ರಗಳಿರುತ್ತವೆ. ಸಂಜೆ ಆರಕ್ಕೆ, ರಾತ್ರಿ ಹನ್ನೊಂದಕ್ಕೆ ಆಯಾ ಊರಿನದೇ ವಾರ್ತೆ. ನಮ್ಮಲ್ಲಿ ಬೀದರ್‌ನಿಂದ ಚಾಮರಾಜನಗರದ ತನಕ ಎಲ್ಲರೂ ನೋಡುವುದು ಬೆಂಗಳೂರಿನ ಸ್ಟುಡಿಯೊದ ಮುಖಗಳನ್ನೇ. ಊರಿನ ಆ್ಯಂಕರ್ ಎಂದರೇನೆಂಬುದು ಬಹುಶಃ ಮಂಗಳೂರು, ಹುಬ್ಬಳ್ಳಿ ಕಡೆಯ ಕೇಬಲ್ ವಾಹಿನಿಗಳನ್ನು ನೋಡಿ ಬೆಳೆದವರಿಗೆ ತಿಳಿದೀತು: ರಾತ್ರಿ ಟಿವಿಯಲ್ಲಿ ಕಂಡವರು ಬೆಳಿಗ್ಗೆ ತರಕಾರಿ ಕೊಳ್ಳುವಾಗಲೂ ಎದುರಾಗುತ್ತಾರೆ. ತಪ್ಪು ಹೇಳಿದರೆ ಜನ ಅಲ್ಲೇ ನಿಲ್ಲಿಸಿ ಕೇಳುತ್ತಾರೆ.

ವ್ಯಾನ್ಸ್ ಹುಟ್ಟಿದ್ದು ವಾಷಿಂಗ್ಟನ್ನಿನಲ್ಲಲ್ಲ, 1942ರಲ್ಲಿ, ಫಿಲಡೆಲ್ಫಿಯಾ ಪಕ್ಕದ ಆರ್ಡ್‌ಮೋರ್‌ನಲ್ಲಿ. ಎಳವೆಯಲ್ಲೇ ತಂದೆ ಹೋದರು, ಬೆಳೆಸಿದ್ದು ಅಜ್ಜ ಅಜ್ಜಿ. ಕರಿಯರಿಗಾಗಿಯೇ ಹುಟ್ಟಿದ ಚೇನಿ ಕಾಲೇಜಿನಲ್ಲಿ ಓದಿದರು. ‘60 ಮಿನಿಟ್ಸ್’ ಎಂಬ ಟಿವಿ ಸುದ್ದಿ ಕಾರ್ಯಕ್ರಮದ ಖ್ಯಾತಿಯ ಎಡ್ ಬ್ರಾಡ್ಲಿ ಅಲ್ಲಿ ಅವರ ಜೊತೆಗಾರ. ಕೆಲಕಾಲ ಮೇಷ್ಟರಾಗಿದ್ದು, ಪತ್ರಿಕೆ, ರೇಡಿಯೊ ದಾಟಿ 1969ರಲ್ಲಿ ವಾಷಿಂಗ್ಟನ್ನಿನ ಎನ್‌ಬಿಸಿ ಕೇಂದ್ರವಾದ ಡಬ್ಲ್ಯುಆರ್‌ಸಿ ಸೇರಿದರು.

ಆ ಇಸವಿಗೆ ಅರ್ಥವಿದೆ. ಹಿಂದಿನ ವರ್ಷ, 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದಾಗ ಈ ನಗರದ ಬೀದಿ ಬೀದಿಗಳು ಹೊತ್ತಿ ಉರಿದಿದ್ದವು. ದೇಶದ ಗಲಭೆಗಳ ಕಾರಣ ಹುಡುಕಲು ನೇಮಿಸಿದ್ದ ಕರ್ನರ್ ಆಯೋಗ ಅದಕ್ಕೂ ಮುನ್ನವೇ ಸುದ್ದಿಮನೆಗಳ ಕಿವಿ ಹಿಂಡಿತ್ತು: ಕರಿಯರ ಬದುಕು ಇವರಿಗೆ ಗೊತ್ತಿಲ್ಲ, ಕರಿಯ ವರದಿಗಾರರನ್ನು ಇವರು ಇಟ್ಟುಕೊಂಡಿಲ್ಲ. ಆಗ ವಾಷಿಂಗ್ಟನ್ನಿನ ಹತ್ತರಲ್ಲಿ ಏಳು ಜನ ಕರಿಯರಿದ್ದರು. ಅವರಿಗೆ ಸುದ್ದಿ ಹೇಳುತ್ತಿದ್ದವರು ಬಹುತೇಕ ಬಿಳಿಯರು. ಕೇಂದ್ರಗಳು ತಡಬಡಿಸಿ ಬಾಗಿಲು ತೆರೆದಾಗ ಒಳಗೆ ಬಂದ ತಲೆಮಾರು ವ್ಯಾನ್ಸ್ ಅವರದು. 1972ರಲ್ಲಿ ಅವರು ಮುಖ್ಯ ನಿರೂಪಕರ ಕುರ್ಚಿಯಲ್ಲಿ ಕೂತರು. 1976ರಲ್ಲಿ ಸೂ ಸಿಮನ್ಸ್ ಜೊತೆಯಾದಾಗ, ದೊಡ್ಡ ನಗರವೊಂದರ ಮುಖ್ಯ ವಾರ್ತೆಯನ್ನು ಇಬ್ಬರೂ ಕರಿಯ ನಿರೂಪಕರೇ ನಡೆಸಿದ ಮೊದಮೊದಲ ಜೋಡಿಗಳಲ್ಲಿ ಅದೊಂದಾಯಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಸಾಧಕರ ಪರಿಚಯವಾದೀತು. ಊರು ಅವರನ್ನು ಹಚ್ಚಿಕೊಂಡ ಬಗೆ ತಿಳಿಯಬೇಕಾದರೆ ಅವರು ಬಿದ್ದ ಕಾಲವನ್ನು ನೋಡಬೇಕು. ಹಣ, ಹೆಸರು, ರಾತ್ರಿಯ ಪಾರ್ಟಿಗಳ ನಡುವೆ ವ್ಯಾನ್ಸ್ ಕೊಕೇನ್‌ಗೆ ಸಿಕ್ಕಿಬಿದ್ದರು. 1984ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟಿ ಫೋರ್ಡ್ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿದರು. ಆಮೇಲೆ ಖಿನ್ನತೆ ಹಿಡಿಯಿತು, ಅದರೊಡನೆ ವರ್ಷಗಟ್ಟಲೆ ಹೆಣಗಿದರು. ದಿನಾ ಲಕ್ಷಾಂತರ ಜನರಿಗೆ ಮುಖ ತೋರಿಸುವವರು ಇಂಥದ್ದನ್ನು ಮುಚ್ಚಿಡುತ್ತಾರೆ, ‘ಅನಾರೋಗ್ಯದ ರಜೆ’ ಎಂದು ವಾಹಿನಿಯೂ ಸಾಗಹಾಕುತ್ತದೆ. ವ್ಯಾನ್ಸ್ ಮುಚ್ಚಿಡಲಿಲ್ಲ. ತಾನು ವ್ಯಸನಿ ಎಂಬುದನ್ನು, ಖಿನ್ನತೆಯನ್ನು, ಚಿಕಿತ್ಸೆಯನ್ನು ಬಾಯಿಬಿಟ್ಟು ಹೇಳಿದರು, ಕೊನೆಯವರೆಗೂ ಹೇಳುತ್ತಲೇ ಬಂದರು. ಅದೇ ಊರಿನ ಮೇಯರ್ ಮರಿಯನ್ ಬ್ಯಾರಿ 1990ರಲ್ಲಿ ಕ್ರ್ಯಾಕ್ ಕೊಕೇನ್ ಸೇದುವಾಗ ಸಿಕ್ಕಿಬಿದ್ದರು. ಮನೆ ಮನೆಗಳಲ್ಲಿ ಮಕ್ಕಳು ಈ ಬೇನೆಯಿಂದ ಹಾಳಾಗುತ್ತಿದ್ದ ಕಾಲ ಅದು. ಆ ಸುದ್ದಿ ಓದುತ್ತಿದ್ದವರು ಅದನ್ನು ಅನುಭವಿಸಿ ಎದ್ದು ಬಂದವರು ಎಂಬುದು ನೋಡುಗರಿಗೆ ಗೊತ್ತಿತ್ತು. ಆ ನಂಬಿಕೆಯನ್ನು ಯಾವ ಮೇಕಪ್ಪೂ ತಂದುಕೊಡುವುದಿಲ್ಲ. ನಮ್ಮ ವಾಹಿನಿಗಳಲ್ಲಿ ಸಿನಿಮಾದವರು ಡ್ರಗ್ಸ್ ಪ್ರಕರಣದಲ್ಲಿ ಸಿಕ್ಕಾಗ ನಿರೂಪಕರು ಹೂಡುವ ನ್ಯಾಯಾಲಯ ನೋಡಿದಾಗಲೆಲ್ಲ ನನಗೆ ವ್ಯಾನ್ಸ್ ನೆನಪಾಗುತ್ತಾರೆ.

1989ರಲ್ಲಿ ಡೊರೀನ್ ಗೆಂಟ್ಜ್ಲರ್ ಪಕ್ಕದ ಕುರ್ಚಿಗೆ ಬಂದರು. ಕ್ರೀಡೆಗೆ ಜಾರ್ಜ್ ಮೈಕಲ್, ಹವಾಮಾನಕ್ಕೆ ಬಾಬ್ ರಯಾನ್. ವ್ಯಾನ್ಸ್, ಡೊರೀನ್ ಜೋಡಿ 28 ವರ್ಷ ಮುರಿಯಲಿಲ್ಲ. ನಿರೂಪಕರು ವರ್ಷಕ್ಕೊಂದು ವಾಹಿನಿ ಬದಲಿಸುವುದನ್ನು ಕಂಡ ನಮಗೆ ಇದು ನಂಬಲಾಗದ ಸಂಗತಿ. ವ್ಯಾನ್ಸ್ ಕಿವಿಗೆ ಒಂಟಿ, ಬರಬರುತ್ತ ಬೆಳ್ಳಗಾದ ಗಡ್ಡ, ಅವಸರವಿಲ್ಲದ ದಪ್ಪ ದನಿ. ಕಿರುಚಿದ್ದನ್ನು ಯಾರೂ ಕೇಳಲಿಲ್ಲ.

ಹಾಗೆಂದು ಯಾರಿಗೂ ನೋವಾಗದಂತೆ ಜಾರಿಕೊಳ್ಳುವ ಜಾಯಮಾನವೂ ಅವರದಲ್ಲ. ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡದ ಹೆಸರು ಆಗ ‘ರೆಡ್‌ಸ್ಕಿನ್ಸ್’. ಅಮೆರಿಕದ ಮೂಲನಿವಾಸಿಗಳಿಗೆ ಅದು ಬೈಗುಳ. ಊರಿಗೆ ಊರೇ ಆ ತಂಡದ ಹುಚ್ಚಿನಲ್ಲಿದ್ದಾಗ, ಹೆಸರು ಎಂದೆಂದಿಗೂ ಬದಲಾಗದೆಂದು ಮಾಲೀಕರು ಪಟ್ಟು ಹಿಡಿದಿದ್ದಾಗ, 2013ರಲ್ಲಿ ವ್ಯಾನ್ಸ್ ತಮ್ಮ ವಾರ್ತೆಯಲ್ಲೇ ಈ ಹೆಸರು ತೊಲಗಲಿ ಎಂದರು. ತಂಡ ಅದನ್ನು ಕೈಬಿಟ್ಟಿದ್ದು 2020ರಲ್ಲಿ. ನೋಡಲು ಅವರಿರಲಿಲ್ಲ.

ವಾಷಿಂಗ್ಟನ್ನಿನ ಯೂ ಸ್ಟ್ರೀಟ್‌ನಲ್ಲಿ ‘ಬೆನ್ಸ್ ಚಿಲ್ಲಿ ಬೌಲ್’ ಎಂಬ ಖಾನಾವಳಿಯಿದೆ. ಟ್ರಿನಿಡಾಡ್‌ನಿಂದ ಬಂದ ಭಾರತೀಯ ಮೂಲದ ಬೆನ್ ಅಲಿ, ಪತ್ನಿ ವರ್ಜೀನಿಯಾ ಜೊತೆ 1958ರಲ್ಲಿ ತೆರೆದದ್ದು. 1968ರ ಗಲಭೆಯ ರಾತ್ರಿಗಳಲ್ಲೂ ಅದು ಬಾಗಿಲು ಹಾಕಿರಲಿಲ್ಲ. ಅದರ ಪಕ್ಕದ ಗೋಡೆಯ ಮೇಲಿದ್ದ ಹಾಸ್ಯನಟ ಬಿಲ್ ಕಾಸ್ಬಿ ಚಿತ್ರವನ್ನು 2017ರ ಜನವರಿಯಲ್ಲಿ ಅಳಿಸಿ, ಹೊಸದಾಗಿ ಯಾರನ್ನು ಬರೆಸೋಣ ಎಂದು ಜನರನ್ನೇ ಕೇಳಿದರು. ಒಬಾಮಾ ದಂಪತಿ, ಮುಹಮ್ಮದ್ ಅಲಿ, ಹ್ಯಾರಿಯೆಟ್ ಟಬ್ಮನ್, ಪ್ರಿನ್ಸ್ ಇವರ ಸಾಲಿನಲ್ಲಿ ಊರಿನ ವಾರ್ತೆ ಓದುವ ವ್ಯಾನ್ಸ್ ಕೂಡ ಬಂದರು. ಜೂನ್‌ನಲ್ಲಿ ಚಿತ್ರ ಅನಾವರಣಗೊಂಡಾಗ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅವರು ಖುದ್ದಾಗಿ ಬಂದು ನೋಡಿದರು. ಮುಂದಿನ ತಿಂಗಳೇ ಹೋದರು.

ವಾಷಿಂಗ್ಟನ್ನಿನ ಆಚೆ ಜಗತ್ತು ವ್ಯಾನ್ಸ್ ಅವರನ್ನು ಕಂಡದ್ದು ಒಂದೇ ಒಂದು ಚಿಕ್ಕ ವಿಡಿಯೊದಲ್ಲಿ. ಫ್ಯಾಷನ್ ಶೋದಲ್ಲಿ ರೂಪದರ್ಶಿಯೊಬ್ಬಳು ಮುಗ್ಗರಿಸಿ ಬೀಳುತ್ತಾಳೆ, ಎದ್ದು ಮತ್ತೆ ಬೀಳುತ್ತಾಳೆ. ವ್ಯಾನ್ಸ್ ಮತ್ತು ಜಾರ್ಜ್ ಮೈಕಲ್‌ಗೆ ನಗು ತಡೆಯಲಾಗುವುದಿಲ್ಲ. ಒಬ್ಬರು ಸುಧಾರಿಸಿಕೊಂಡರೆ ಇನ್ನೊಬ್ಬರು ಶುರು, ಮಾತು ಮುಂದೆ ಹೋಗುವುದೇ ಇಲ್ಲ. ಬಿದ್ದವರನ್ನು ಕಂಡು ನಗುವುದು ಸಭ್ಯತೆಯಲ್ಲ, ಒಪ್ಪುತ್ತೇನೆ. ಆದರೂ ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ. ಅರ್ಧಕ್ಕೇ ನೀವೂ ನಗತೊಡಗದಿದ್ದರೆ ಕೇಳಿ.