ಸ್ವರ್ಣಕಮಲ ಯಾರಿಗೆ?

ಚಿಂತಾಮಣಿ ಕನ್ನಡ-ತೆಲುಗುಗಳೆರಡೂ ಒಂದೇ ಜಗುಲಿಯಲ್ಲಿ ಕುಳಿತು ಮಾತನಾಡುವ ಊರು. 1980ರ ಸುಮಾರಿಗೆ, ವಿದ್ಯಾರ್ಥಿಗಳಾಗಿದ್ದ ನಮ್ಮಲ್ಲಿ ಅಂಥ ಜಗುಲಿಯೊಂದರ ಮೇಲೆ ತೀರದ ವಾದವೊಂದು ನಡೆಯುತ್ತಿತ್ತು: ರಾಷ್ಟ್ರಪ್ರಶಸ್ತಿಗೆ ತಕ್ಕ ಚಿತ್ರ ಯಾವುದು? ಒಬ್ಬನು ‘ಘಟಶ್ರಾದ್ಧ’ವೆಂದರೆ ಮತ್ತೊಬ್ಬನು ‘ಶಂಕರಾಭರಣಂ’ ಎನ್ನುವನು. ವಿನೋದವೆಂದರೆ, ಎರಡಕ್ಕೂ ಸ್ವರ್ಣಕಮಲ ಸಂದಿತು. ಗಿರೀಶ ಕಾಸರವಳ್ಳಿಯವರ ಚಿತ್ರಕ್ಕೆ 1977ರ ಸಾಲಿನ ಅತ್ಯುತ್ತಮ ಕಥಾಚಿತ್ರವೆಂದು, ಕೆ. ವಿಶ್ವನಾಥರ ಚಿತ್ರಕ್ಕೆ 1979ರ ಸಾಲಿನ ಜನಪ್ರಿಯ ಸದಭಿರುಚಿಯ ಚಿತ್ರವೆಂದು. 1975ರ ಸಾಲಿನಿಂದ ಸರ್ಕಾರವೇ ಹೀಗೆ ಎರಡು ಕೊಳಗಗಳನ್ನು ಇಟ್ಟುಕೊಂಡಿತ್ತು. ನಾವೋ, ಒಂದರಲ್ಲಿ ಅಳೆದುದನ್ನು ಇನ್ನೊಂದಕ್ಕೆ ಸುರಿದು ಜಗಳವಾಡುತ್ತಿದ್ದೆವು.

ಮತ್ತೊಂದು ಸಂಗತಿಯನ್ನೂ ಮರೆಯುತ್ತಿದ್ದೆವು. ತೀರ್ಪುಗಾರರು ನೋಡುವುದು ಆಯಾ ವರ್ಷ ಸೆನ್ಸಾರ್ ಪತ್ರ ಪಡೆದು, ಸ್ಪರ್ಧೆಗೆ ಬಂದ ಚಿತ್ರಗಳನ್ನು ಮಾತ್ರ. ಟೆಂಟಿನ ಶಿಳ್ಳೆ ಅವರ ಕಿವಿಗೆ ಬೀಳದು; ಬೀಳಲೂಬಾರದು.

ಆದರೂ ಅಭಿಮಾನಿಗಳ ಅಳಲೆಲ್ಲ ಹುಸಿಯಲ್ಲ. ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾಯರಿಗೆ 1975ರ ಸಾಲಿನ ಶ್ರೇಷ್ಠ ನಟ ಪ್ರಶಸ್ತಿ ಬಂದದ್ದು ನ್ಯಾಯವೇ. ಡಾ. ರಾಜ್‌ಕುಮಾರ್ ಅವರಿಗೆ 1992ರ ‘ಜೀವನ ಚೈತ್ರ’ದ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು, 1995ರ ಸಾಲಿನ ಫಾಲ್ಕೆ ಗೌರವವೂ ಬಂತು. ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿ ಮಾತ್ರ ಬರಲೇ ಇಲ್ಲ. ಗಾಯಕನನ್ನು ಗುರುತಿಸಿದವರಿಗೆ ನಟನು ಕಾಣಿಸದೆ ಹೋದದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.