ಕಲ್ಲಿನ ಅಳತೆ ಮಿಲಿಮೀಟರಿನಲ್ಲಿ, ನೋವಿನ ಅಳತೆ ಯಾವ ಭಾಷೆಯಲ್ಲಿ?

ಕೊಪ್ಪ ಎಂದೊಡನೆ ಕರಾವಳಿಯ ನಮಗೆ ನೆನಪಾಗುವುದು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ. ಇಲ್ಲಿ ಹೇಳುತ್ತಿರುವುದು ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲೂಕಿನ ಕೊಪ್ಪದ ಬಗ್ಗೆ. ಮಡಿಕೇರಿ ದಾರಿಯಾಗಿ ಮೈಸೂರಿಗೆ ಹೋಗುವವರಿಗೆ ಕುಶಾಲನಗರದ ಕಾವೇರಿ ಸೇತುವೆ ದಾಟಿದ ಮೇಲೆ ಸಿಗುವ ಊರು. ಪಕ್ಕದಲ್ಲಿ ಬೈಲುಕುಪ್ಪೆಯ ಟಿಬೆಟಿಯನ್ನರ ವಸಾಹತು, ತಾಲೂಕಿನ ತುಂಬ ಹೊಗೆಸೊಪ್ಪಿನ ಹೊಲಗಳು. ಸೊಪ್ಪು ಹದ ಮಾಡುವ ದಿನಗಳಲ್ಲಿ ಬ್ಯಾರನ್ನಿನ ಬೆಂಕಿಯನ್ನು ಹಗಲು ರಾತ್ರಿ ಕಾಯಬೇಕು. ಬೆವರು ಹರಿದು, ಕುಡಿಯುವ ನೀರು ಕಡಿಮೆಯಾದರೆ ಮೂತ್ರದಲ್ಲಿರುವ ಕ್ಯಾಲ್ಸಿಯಂ, ಆಕ್ಸಲೇಟ್ ಹರಳುಗಟ್ಟಿ ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವ ಹೆಚ್ಚು. ಬೋಟಿನಲ್ಲಿ ದುಡಿಯುವ, ಗಲ್ಫಿನ ಬಿಸಿಲಿನಲ್ಲಿರುವ ನಮ್ಮವರಿಗೂ ಈ ಮಾತು ಸಲ್ಲುತ್ತದೆ.

ಕಲ್ಲು 6 ಮಿಲಿಮೀಟರ್ ಇದೆ ಎಂದು ಸ್ಕ್ಯಾನಿಂಗ್ ಹೇಳುತ್ತದೆ. ಆದರೆ ರೋಗಿ ಎಷ್ಟು ರಾತ್ರಿ ನಿದ್ದೆಗೆಟ್ಟ, ಬಸ್ಸಿನಲ್ಲಿ ನೋವು ಬಂದರೆ ಎಂಬ ಹೆದರಿಕೆಯಿಂದ ಎಷ್ಟು ಮದುವೆಗಳಿಗೆ ಹೋಗಲಿಲ್ಲ, ಎಷ್ಟು ದಿನದ ಕೂಲಿ ಹೋಯಿತು ಎಂದು ಅದು ಹೇಳದು. ಒಮ್ಮೆ ಕಲ್ಲು ಬಂದವರಿಗೆ ಮತ್ತೆ ಬರುವುದು ಸಾಮಾನ್ಯವಾದುದರಿಂದ, ಕಲ್ಲು ಹೋದ ಮೇಲೂ ಭಯ ಉಳಿಯುತ್ತದೆ.

ಇದನ್ನು ಅಳೆಯಲೆಂದೇ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕ್ರಿಸ್ಟಿನಾ ಪೆನಿಸ್ಟನ್ ಮತ್ತು ಸ್ಟೀಫನ್ ನಕಾಡ 2013ರಲ್ಲಿ ಕಲ್ಲಿನ ರೋಗಿಗಳಿಗಾಗಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ 28 ಪ್ರಶ್ನೆಗಳು. ನಿದ್ದೆ, ಕೆಲಸ, ಪ್ರಯಾಣ, ಮನಸ್ಸಿನ ಸ್ಥಿತಿ ಎಲ್ಲವೂ ಬರುತ್ತವೆ. ಇರಾನಿನ ಸಂಶೋಧಕರು ಇದನ್ನು ಪರ್ಷಿಯನ್ ಭಾಷೆಗೆ ತಂದು ಅಲ್ಲಿನ ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ.

ಇಂಗ್ಲಿಷ್ ಬಲ್ಲವರೊಬ್ಬರನ್ನು ಕೂರಿಸಿ ಭಾಷಾಂತರಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಮೊದಲು ಭಾಷಾಂತರ, ಬಳಿಕ ಮೂಲವನ್ನು ಕಾಣದ ಇನ್ನೊಬ್ಬರಿಂದ ಅದನ್ನು ಮರಳಿ ಇಂಗ್ಲಿಷಿಗೆ ತರಿಸಿ ಎರಡನ್ನೂ ಹೋಲಿಸುವುದು, ಆಮೇಲೆ ಕೆಲವು ರೋಗಿಗಳಿಗೆ ಓದಿ ಹೇಳಿ ಅವರಿಗೆ ಏನು ಅರ್ಥವಾಯಿತೆಂದು ಕೇಳುವುದು. ಸ್ಥಿತಿ ಬದಲಾಗದ ರೋಗಿ ಎರಡು ವಾರ ಬಿಟ್ಟು ಕೇಳಿದಾಗಲೂ ಹೆಚ್ಚು ಕಡಿಮೆ ಅದೇ ಉತ್ತರ ಕೊಡಬೇಕು. ಸಾಮಾನ್ಯ ಆರೋಗ್ಯದ ಬಗ್ಗೆ 36 ಪ್ರಶ್ನೆಗಳ ಇನ್ನೊಂದು ಪ್ರಸಿದ್ಧ ಪ್ರಶ್ನಾವಳಿಯ ಇಂಗ್ಲಿಷ್ ಮೂಲದಲ್ಲಿ ಗಾಲ್ಫ್ ಆಡುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು ಮಧ್ಯಮ ಶ್ರಮದ ಕೆಲಸಕ್ಕೆ ಉದಾಹರಣೆ! ಕೊಪ್ಪದ ಹೆಂಗಸಿಗೆ ಅದರ ಬದಲು ನೀರಿನ ಬಿಂದಿಗೆ ಹೊರುವುದನ್ನೋ, ಕಡ್ಡಿಗೆ ಹೊಗೆಸೊಪ್ಪು ಕಟ್ಟುವುದನ್ನೋ ಹೇಳಬೇಕಾದೀತು. ಅದೂ ಅಷ್ಟೇ ಶ್ರಮದ ಕೆಲಸವೇ ಎಂದು ನೋಡಿಕೊಂಡು.

ಕನ್ನಡವೂ ಒಂದೇ ಅಲ್ಲ. ನಾವು 'ಮಂಡೆಬಿಸಿ' ಎನ್ನುವುದನ್ನು ಮೈಸೂರು ಸೀಮೆಯವರು 'ತಲೆಬಿಸಿ' ಎನ್ನುತ್ತಾರೆ. ನಮಗೆ 'ಬಚ್ಚುತ್ತದೆ', ಅವರಿಗೆ 'ಸುಸ್ತು'. 'ಆತಂಕ' ಎಂದು ಅಚ್ಚಾದ ಪದವನ್ನು ಪತ್ರಿಕೆ ಓದುವವರು ಬಲ್ಲರು; 'ದಿಗಿಲಾಗುತ್ತದೆಯೇ' ಎಂದರೆ ಅಜ್ಜಿಗೂ ತಿಳಿಯುತ್ತದೆ. ಬೈಲುಕುಪ್ಪೆಯ ಹಿರಿಯರಿಗೆ ಟಿಬೆಟಿಯನ್ ಭಾಷೆಯಲ್ಲೇ ಕೇಳಬೇಕು.

ನಮ್ಮ ಗುರಿಕಾರರು, ವಿನ್ಸೆಂಟ್ ಡಿ ಪೌಲ್ ಸಭೆಯವರು, ಧರ್ಮಭಗಿನಿಯರು ರೋಗಿಗಳ ಮನೆಗೆ ಹೋಗುವವರು. ಓದಲು ಬಾರದವರಿಗೆ ಇಂಥ ಪ್ರಶ್ನೆಗಳನ್ನು ಓದಿ ಹೇಳುವ ಕೆಲಸ ಅವರ ಪಾಲಿಗೂ ಬರಬಹುದು. ಅಲ್ಲಿ ಎರಡು ತೊಡಕುಗಳಿವೆ. ಒಂದು, ಮನೆಯವರೇ ಉತ್ತರ ಕೊಡುವುದು. ಇನ್ನೊಂದು ನಮ್ಮಿಂದಲೇ ಆಗುವುದು. "ಹೇಗಿದ್ದೀರಿ?" ಎಂದು ಗುರುಗಳೋ ಸಿಸ್ಟರೋ ಕೇಳಿದರೆ "ದೇವರ ದಯೆ, ಚೆನ್ನಾಗಿದ್ದೇನೆ" ಎಂದೇ ಉತ್ತರ. ಅದು ವಿಶ್ವಾಸದ ಮಾತು, ನಾವು ಗೌರವಿಸುತ್ತೇವೆ. ಆದರೆ ಸದ್ಯ ಕಾಯೋಣವೇ, ಈಗಲೇ ಕಲ್ಲು ತೆಗೆಯೋಣವೇ ಎಂದು ಯೋಚಿಸುವ ವೈದ್ಯರಿಗೆ ಅದರಿಂದ ಏನೂ ತಿಳಿಯದು. ಫೆಬ್ರವರಿ 11ರ ವಿಶ್ವ ರೋಗಿಗಳ ದಿನದಂದು ಭೇಟಿಗೆ ಹೊರಡುವವರು, ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ರಾತ್ರಿ ಎಚ್ಚರವಿದ್ದಿರಿ, ಎಷ್ಟು ದಿನ ಕೆಲಸಕ್ಕೆ ಹೋಗಲಿಲ್ಲ ಎಂದು ರೋಗಿಯನ್ನೇ ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಂಡು, ಆ ಚೀಟಿಯನ್ನು ಸ್ಕ್ಯಾನಿಂಗ್ ರಿಪೋರ್ಟಿನ ಜೊತೆಗಿಡಲು ಅವರಿಗೇ ಕೊಟ್ಟು ಬನ್ನಿ.