ಮೊದಲು ಹಂಚಿದರು, ಆಮೇಲೆ ಕೇಳಿದರು

ಅಮೆರಿಕ ಸಾಮ್ರಾಜ್ಯವಾದಿಯಾದದ್ದು 1898ರಲ್ಲಿ, ಸ್ಪೇನನ್ನು ಸೋಲಿಸಿ ಫಿಲಿಪೀನ್ಸಿಗೆ ಕೈಯಿಟ್ಟಾಗ ಎಂದು ಹೇಳುವುದುಂಟು. ಸಿಯಾಟಲ್ ಸುತ್ತಲಿನ ನೆಲ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ನೋಡಿದರೆ ಈ ಲೆಕ್ಕ ಅರ್ಧ ಶತಮಾನ ತಡವಾಯಿತು ಅನ್ನಿಸುತ್ತದೆ. ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಕೆಲಸಕ್ಕೆಂದು ಹೋಗಿ ನೆಲೆಸಿರುವ ರೆಡ್‌ಮಂಡ್, ಬೆಲ್‌ವ್ಯೂ ಇರುವುದೂ ಅದೇ ನೆಲದಲ್ಲಿ.

1898ಕ್ಕೂ ಅರ್ಧ ಶತಮಾನ ಮೊದಲು ಈ ಭಾಗ ಆರೆಗನ್ ಪ್ರಾಂತ್ಯಕ್ಕೆ ಸೇರಿತ್ತು. ಒಪ್ಪಂದದ ಮೂಲಕ ಬಿಟ್ಟುಕೊಡುವವರೆಗೆ ಮೂಲನಿವಾಸಿಗಳ ಭೂಮಿಯ ಹಕ್ಕಿಗೆ ಧಕ್ಕೆಯಿಲ್ಲ ಎಂದು 1848ರ ಕಾಯ್ದೆ ಮಾತು ಕೊಟ್ಟಿತ್ತು. ಎರಡೇ ವರ್ಷಕ್ಕೆ ಅದೇ ಸಂಸತ್ತು ಆ ನೆಲವನ್ನು ಬಿಳಿಯ ವಲಸಿಗರಿಗೆ ಪುಕ್ಕಟೆ ಹಂಚತೊಡಗಿತು. ಒಂಟಿ ಗಂಡಸಿಗೆ 320 ಎಕರೆ, ಮದುವೆಯಾಗಿದ್ದರೆ ಇಬ್ಬರಿಗೂ ಸೇರಿ 640. ತಡವಾಗಿ ಬಂದವರಿಗೆ ಅದರರ್ಧ. ವಿನೋಬಾರ ಭೂದಾನದಲ್ಲಿ ಕೊಡುವವನು ಕೊಡುತ್ತಿದ್ದದ್ದು ತನ್ನ ನೆಲವನ್ನು. ಇಲ್ಲಿ ದಾನಿಗೆ ಆ ಮುಜುಗರವಿರಲಿಲ್ಲ.

1851ರ ನವೆಂಬರಿನಲ್ಲಿ ವಲಸಿಗರ ಡೆನ್ನಿ ತಂಡ ಇಂದಿನ ಸಿಯಾಟಲಿನ ಆಲ್ಕೈ ತೀರದಲ್ಲಿ ಇಳಿಯಿತು. ಡುವಾಮಿಷ್ ಮತ್ತು ಸುಕ್ವಾಮಿಷ್ ಜನರ ಮುಖಂಡ ಸಿಯಾಲ್ ಬಂದವರಿಗೆ ನೆರವಾದ. ಅವರು ಕಟ್ಟಿದ ಸಿಯಾಟಲ್ ಊರಿಗೆ ಅವನ ಹೆಸರೇ ಬಂತು. ಒಪ್ಪಂದದ ನೆನಪಾದದ್ದು ಇದೆಲ್ಲ ಆದಮೇಲೆ. 1853ರಲ್ಲಿ ವಾಷಿಂಗ್ಟನ್ ಬೇರೆ ಪ್ರಾಂತ್ಯವಾದಾಗ ಐಸಾಕ್ ಸ್ಟೀವನ್ಸ್ ಅದರ ಗವರ್ನರಾಗಿ ಬಂದ. ಮೂಲನಿವಾಸಿಗಳ ಹಿತ ನೋಡಬೇಕಾದ ಅಧಿಕಾರಿಯೂ ಅವನೇ, ರೈಲುದಾರಿಗೆ ಸರ್ವೆ ಮಾಡಿಸುವವನೂ ಅವನೇ! 1855ರ ಜನವರಿ 22ರಂದು ಮುಕಿಲ್ಟಿಯೊದಲ್ಲಿ ಸಿಯಾಲ್ ಮತ್ತಿತರ ಮುಖಂಡರು ಪಾಯಿಂಟ್ ಎಲಿಯಟ್ ಒಪ್ಪಂದಕ್ಕೆ ಗುರುತು ಹಾಕಿದರು. ಅದರ ಕರಾರುಗಳನ್ನು ಅವರಿಗೆ ವಿವರಿಸಿದ್ದು ಚಿನೂಕ್ ಜಾರ್ಗನ್ನಿನಲ್ಲಿ, ಅಂದರೆ ತುಪ್ಪಳ, ಮೀನು ಕೊಡುಕೊಳ್ಳುವವರು ಬಳಸುತ್ತಿದ್ದ ಕೆಲವೇ ನೂರು ಪದಗಳ ವ್ಯಾಪಾರದ ಮಾತಿನಲ್ಲಿ. ವಾಷಿಂಗ್ಟನ್ ನಗರದಲ್ಲಿ ಅದಕ್ಕೆ ಅಂಗೀಕಾರ ಸಿಕ್ಕಿದ್ದು 1859ರಲ್ಲಿ. ಅಷ್ಟರೊಳಗೆ ವಲಸಿಗರಿಗೂ ಮೂಲನಿವಾಸಿಗಳಿಗೂ ಯುದ್ಧವೊಂದು ನಡೆದು ಮುಗಿದಿತ್ತು, ಅದರಲ್ಲಿ ಕಾದಿದ ನಿಸ್ಕ್ವಾಲಿ ಮುಖಂಡ ಲೆಶೈಯನ್ನು ಗಲ್ಲಿಗೇರಿಸಿಯೂ ಆಗಿತ್ತು. 2004ರಲ್ಲಿ ವಿಶೇಷ ನ್ಯಾಯಪೀಠವೊಂದು ಅವನನ್ನು ನಿರ್ದೋಷಿ ಎಂದಿತು.

ನಮ್ಮಲ್ಲಿ ನಡೆದದ್ದು ಬೇರೆ ಬಗೆ. ಕುಂಪಣಿ ಸರ್ಕಾರ 1834ರಲ್ಲಿ ಕೊಡಗನ್ನು ನುಂಗಿದಾಗ ರಾಜನನ್ನು ಇಳಿಸಿ ಕಾಶಿಗೆ ಕಳಿಸಿತು. ರೈತ ತನ್ನ ಗದ್ದೆಯಲ್ಲೇ ಉಳಿದು ಕಂದಾಯವನ್ನು ಹೊಸ ದೊರೆಗೆ ಕಟ್ಟಿದ. ಅಮೆರಿಕಕ್ಕೆ ಬೇಕಾದದ್ದು ಕಂದಾಯವಲ್ಲ, ಗದ್ದೆಯೇ. ಇದ್ದವರನ್ನು ಅದು ಮೀಸಲು ಪ್ರದೇಶಗಳಿಗೆ ಸರಿಸಿತು. ಬಂದವರ ಸಂಖ್ಯೆ ಸಾಕಷ್ಟಾದಮೇಲೆ ಹಳೆಯ ರಾಜ್ಯಗಳಿಗೆ ಸರಿಸಮನಾದ ಹೊಸ ರಾಜ್ಯ ಮಾಡುವ ದಾರಿಯನ್ನು 1787ರ ವಾಯವ್ಯ ಪ್ರಾಂತ್ಯದ ಕಾಯ್ದೆಯೇ ತೋರಿಸಿತ್ತು. ವಾಷಿಂಗ್ಟನ್ 1889ರಲ್ಲಿ ಹೀಗೆ ರಾಜ್ಯವಾಯಿತು. ಗೆದ್ದ ನೆಲ ಭೂಪಟದಲ್ಲಿ ಸ್ವದೇಶವಾಗಿಬಿಟ್ಟರೆ ಅದನ್ನು ವಸಾಹತು ಎನ್ನುವವರು ಯಾರು? ಈ ಗಣರಾಜ್ಯದ ನಿಜವಾದ ಜಾಣತನ ಇಲ್ಲಿದೆ ಎಂದು ನನಗನ್ನಿಸುತ್ತದೆ.

ಫಿಲಿಪೀನ್ಸಿನಲ್ಲಿ ಈ ಉಪಾಯ ನಡೆಯಲಿಲ್ಲ. ಅಲ್ಲಿದ್ದ ಲಕ್ಷಾಂತರ ಜನರನ್ನು ಸರಿಸಲೂ ಆಗದು, ಸಮಾನರೆಂದು ಸೇರಿಸಿಕೊಳ್ಳಲು ಮನಸ್ಸೂ ಇಲ್ಲ. ಹಾಗಾಗಿ ಅದು ಎಲ್ಲರ ಕಣ್ಣಿಗೂ ವಸಾಹತಾಗಿಯೇ ಕಂಡಿತು. ವಾಷಿಂಗ್ಟನ್ ರಾಜ್ಯದ ಸ್ವಯಂಸೇವಕ ಪಡೆ ಅಲ್ಲಿಗೆ ಹೋಗಿ 1899ರಲ್ಲಿ ಕಾದಿತು. ಸ್ಪೇನ್ ವಿರುದ್ಧದ ಯುದ್ಧಕ್ಕೆ ಹೋದ ಸ್ವಯಂಸೇವಕರ ನೆನಪಿಗೆ 1901ರಲ್ಲಿ ಸಿಯಾಟಲಿನ ಉದ್ಯಾನವೊಂದು ವಾಲಂಟಿಯರ್ ಪಾರ್ಕ್ ಆಯಿತು. 1909ರಲ್ಲಿ ಸಿಯಾಟಲಿನಲ್ಲೇ ನಡೆದ ದೊಡ್ಡ ಪ್ರದರ್ಶನದಲ್ಲಿ ಫಿಲಿಪೀನ್ಸಿನ ಇಗೊರೋಟ್ ಜನರನ್ನೇ ತಂದು, ಹಳ್ಳಿ ಕಟ್ಟಿಸಿ, ನೋಡಬಂದವರಿಗೆ ತೋರಿಸಿದರು. ಅದೇ ಪ್ರದರ್ಶನಕ್ಕೆ ಮಾಡಿಸಿದ್ದ, 1867ರಲ್ಲಿ ಅಮೆರಿಕದ ಪರವಾಗಿ ರಷ್ಯಾದಿಂದ ಅಲಾಸ್ಕಾ ಕೊಂಡ ಸೆವಾರ್ಡ್‌ನ ಪ್ರತಿಮೆ ಈಗ ವಾಲಂಟಿಯರ್ ಪಾರ್ಕಿನಲ್ಲಿದೆ.

ಗವರ್ನರ್ ಸ್ಟೀವನ್ಸ್ ಮಾಡಿಸಿದ್ದ ಪಾಯಿಂಟ್ ಎಲಿಯಟ್‌ನಂಥ ಒಪ್ಪಂದಗಳಲ್ಲಿ ಒಂದು ಸಾಲು ಮಾತ್ರ ಬರೆಸಿದವರಿಗೇ ತಿರುಗಿ ಬಿತ್ತು. ಮೂಲನಿವಾಸಿಗಳು ತಮ್ಮ ಹಳೆಯ ತಾಣಗಳಲ್ಲಿ ಇತರರೊಂದಿಗೆ ಮೀನು ಹಿಡಿಯಬಹುದು ಎಂಬ ಸಾಲು ಅದು. ಅದನ್ನೇ ಹಿಡಿದು ಅವರು ಬಂಧನಗಳನ್ನು ಎದುರಿಸಿ ಹೋರಾಡಿದರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಒಪ್ಪಂದ ಮಾಡಿಕೊಂಡ ಬುಡಕಟ್ಟುಗಳದ್ದು ಎಂದು ತೀರ್ಪಿತ್ತರು. ಐದು ವರ್ಷಗಳ ಬಳಿಕ ಸುಪ್ರೀಂ ಕೋರ್ಟ್ ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು.